‘ಈ ವೇಳಾಪಟ್ಟಿ ಅಸಾಧ್ಯ’ ಎಂದು ಕಂಪ್ಯೂಟರ್ ಹೇಳಿದಾಗ

ಶಾಲೆ ತೆರೆದ ಮೊದಲ ವಾರ. ಸ್ಟಾಫ್ ರೂಮಿನ ಮೇಜಿನ ಮೇಲೆ ದೊಡ್ಡದೊಂದು ಡ್ರಾಯಿಂಗ್ ಹಾಳೆ, ಅದರ ತುಂಬ ಸ್ಕೇಲು ಹಿಡಿದು ಎಳೆದ ಚೌಕಗಳು, ಪಕ್ಕದಲ್ಲಿ ಪೆನ್ಸಿಲು, ರಬ್ಬರು. ವೇಳಾಪಟ್ಟಿ ಹಾಕುವುದರಲ್ಲಿ ಕೈ ಪಳಗಿದ ಮೇಷ್ಟ್ರೊಬ್ಬರು ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಇಂಥವರೊಬ್ಬರು ನಿಮ್ಮ ಶಾಲೆಯಲ್ಲೂ ಇದ್ದಾರು. ಈಚಿನ ವರ್ಷಗಳಲ್ಲಿ ಈ ಕೆಲಸವನ್ನು ಹಲವು ಶಾಲೆ ಕಾಲೇಜುಗಳು ಕಂಪ್ಯೂಟರಿಗೆ ಒಪ್ಪಿಸಿವೆ. ಶಿಕ್ಷಕರು, ತರಗತಿಗಳು, ವಿಷಯಗಳು, ವಾರಕ್ಕೆ ಎಷ್ಟು ಪೀರಿಯಡ್ ಎಂಬ ವಿವರಗಳನ್ನು ತುಂಬಿ ಒಂದು ಗುಂಡಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ವೇಳಾಪಟ್ಟಿ ಸಿದ್ಧ. ಕೊನೆಯಪಕ್ಷ ಜಾಹೀರಾತು ಹೇಳುವುದು ಹೀಗೆ.

ಆದರೆ ಮೊದಲ ಸಲ ಗುಂಡಿ ಒತ್ತಿದಾಗ ಆಗುವುದು ಅನೇಕ ವೇಳೆ ಬೇರೆಯೇ. ಯಂತ್ರ ಸ್ವಲ್ಪ ಹೊತ್ತು ಹೆಣಗಾಡಿ, ‘ಈ ನಿಬಂಧನೆಗಳೊಂದಿಗೆ ವೇಳಾಪಟ್ಟಿ ಅಸಾಧ್ಯ’ ಎಂಬರ್ಥದ ಒಂದು ಸಾಲನ್ನು ತೋರಿಸಿ ಸುಮ್ಮನಾಗುತ್ತದೆ. ಆಗ ಯಾರನ್ನು ಕೇಳಬೇಕು? ಏನೆಂದು ಕೇಳಬೇಕು? ಇದಕ್ಕೆ ಉತ್ತರ ಗೊತ್ತಿಲ್ಲದೆ, ದುಡ್ಡು ಕೊಟ್ಟು ತಂದ ತಂತ್ರಾಂಶವನ್ನು ಮೂಲೆಗಿಟ್ಟು ಮತ್ತೆ ಡ್ರಾಯಿಂಗ್ ಹಾಳೆಗೆ ಮರಳುವ ಶಾಲೆಗಳುಂಟು. ಅದಕ್ಕಿಂತ ಕೆಟ್ಟದ್ದೆಂದರೆ, ಹೇಗೋ ಒಂದು ಪಟ್ಟಿ ಬರಲೆಂದು ಆಟದ ಪೀರಿಯಡ್ಡನ್ನೋ ಗ್ರಂಥಾಲಯದ ಪೀರಿಯಡ್ಡನ್ನೋ ಸದ್ದಿಲ್ಲದೆ ಕತ್ತರಿಸಿಬಿಡುವುದು. ನಷ್ಟ ಯಾರಿಗೆಂದು ನಿಮಗೆ ಹೇಳಬೇಕಾಗಿಲ್ಲ.

ಪರದೆಯ ಮೇಲೆ ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕ ಮಾಡಿ ತೋರಿಸುವುದು ಕಷ್ಟ. ಕಾಗದದ ಮೇಲೆ ಆ ತೊಂದರೆಯಿಲ್ಲ. ಆದ್ದರಿಂದ ವಿದ್ಯಾರ್ಥಿ ಮಿತ್ರರು ಇದನ್ನು ಪೆನ್ಸಿಲ್ ಹಿಡಿದೇ ಓದಬೇಕು.

ಐದು ಲಕ್ಷ ವರ್ಷದ ಕೆಲಸ

ಒಂದು ಹೈಸ್ಕೂಲನ್ನು ಕಲ್ಪಿಸಿಕೊಳ್ಳಿ. ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ತಲಾ ಎರಡು ವಿಭಾಗ; ಒಟ್ಟು ಆರು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 7 ಪೀರಿಯಡ್, ಶನಿವಾರ ಬೆಳಗಿನ ಶಾಲೆ, 5 ಪೀರಿಯಡ್. ಅಂದರೆ ವಾರಕ್ಕೆ 40.

ಇದರಲ್ಲಿ ಸೋಮವಾರ ಒಂದನ್ನೇ ತೆಗೆದುಕೊಳ್ಳೋಣ. ಒಂದು ವಿಭಾಗಕ್ಕೆ ಆ ದಿನ ಏಳು ಬೇರೆ ಬೇರೆ ವಿಷಯಗಳು ಎಂದಿಟ್ಟುಕೊಂಡರೆ ಅವನ್ನು ಜೋಡಿಸುವ ಬಗೆಗಳು 7×6×5×4×3×2×1, ಅಂದರೆ 5040. ಆರು ವಿಭಾಗಗಳಿಗೂ ಸೇರಿ 5040ನ್ನು ಆರು ಸಲ ಗುಣಿಸಬೇಕು. ಬರುವ ಸಂಖ್ಯೆ ಸುಮಾರು 16ರ ಮುಂದೆ 21 ಸೊನ್ನೆಗಳು. ಒಂದು ಸೆಕೆಂಡಿಗೆ ನೂರು ಕೋಟಿ ಜೋಡಣೆಗಳನ್ನು ಪರೀಕ್ಷಿಸುವ ಯಂತ್ರವಿದ್ದರೂ ಎಲ್ಲವನ್ನೂ ನೋಡಿ ಮುಗಿಸಲು ಐದು ಲಕ್ಷ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಇದು ಬರೀ ಸೋಮವಾರದ ಮಾತು!

ಆದ್ದರಿಂದ ‘ಕಂಪ್ಯೂಟರ್ ಎಲ್ಲ ಸಾಧ್ಯತೆಗಳನ್ನೂ ನೋಡಿ ಅತ್ಯುತ್ತಮವಾದದ್ದನ್ನು ಆರಿಸುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಯಂತ್ರವೂ ಹಾಗೆ ಮಾಡುವುದಿಲ್ಲ, ಮಾಡಲಾರದು.

ಒಂದು ಮಾತು ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ

ಇಲ್ಲಿ ಗಣಿತದ ಒಂದು ಸೊಗಸಾದ ಸಂಗತಿಯಿದೆ. ಒಬ್ಬ ಶಿಕ್ಷಕರು ಒಂದು ಹೊತ್ತಿಗೆ ಒಂದೇ ತರಗತಿಯಲ್ಲಿರಬೇಕು, ಒಂದು ತರಗತಿಗೆ ಒಂದು ಹೊತ್ತಿಗೆ ಒಬ್ಬರೇ ಶಿಕ್ಷಕರಿರಬೇಕು. ಈ ಒಂದು ನಿಯಮ ಬಿಟ್ಟರೆ ಬೇರೆ ಯಾವ ಷರತ್ತೂ ಇಲ್ಲ ಎಂದಿಟ್ಟುಕೊಳ್ಳಿ. ಆಗ ವೇಳಾಪಟ್ಟಿ ಹಾಕುವುದು ಸುಲಭ. ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಪಾಠವಿರುವ ಶಿಕ್ಷಕರಿಗೆ ಅಥವಾ ತರಗತಿಗೆ ಎಷ್ಟು ಪೀರಿಯಡ್ ಬೇಕೋ, ಅಷ್ಟರಲ್ಲೇ ಇಡೀ ಶಾಲೆಯ ವೇಳಾಪಟ್ಟಿ ಕೂಡಿಬರುತ್ತದೆ. ಒಂದು ಪೀರಿಯಡ್ಡೂ ಹೆಚ್ಚಿಗೆ ಬೇಡ. ಹಂಗೆರಿಯ ಗಣಿತಜ್ಞ ಡೇನೆಸ್ ಕೋನಿಗ್ 1916ರಲ್ಲಿ ಪ್ರಕಟಿಸಿದ ಪ್ರಮೇಯವೊಂದರಿಂದ ಇದು ಸಿದ್ಧವಾಗುತ್ತದೆ. ಅವರು ಬರೆದದ್ದು ಶಾಲೆಯ ಬಗ್ಗೆ ಅಲ್ಲ, ಚುಕ್ಕಿಗಳು ಮತ್ತು ಅವನ್ನು ಜೋಡಿಸುವ ಗೆರೆಗಳ ಬಗ್ಗೆ. ಒಂದು ಕಡೆಯ ಚುಕ್ಕಿಗಳನ್ನು ಶಿಕ್ಷಕರೆಂದೂ ಇನ್ನೊಂದು ಕಡೆಯವನ್ನು ತರಗತಿಗಳೆಂದೂ ಗೆರೆಗಳನ್ನು ಪಾಠಗಳೆಂದೂ ಓದಿಕೊಂಡರೆ ಅದೇ ವೇಳಾಪಟ್ಟಿಯ ಪ್ರಮೇಯವಾಗುತ್ತದೆ.

ಈಗ ಒಂದೇ ಒಂದು ಮಾತನ್ನು ಸೇರಿಸಿ: ‘ಈ ಶಿಕ್ಷಕರು ಇಂಥಿಂಥ ಹೊತ್ತಿನಲ್ಲಿ ಮಾತ್ರ ಸಿಗುತ್ತಾರೆ.’ ಅಷ್ಟಕ್ಕೇ ಸಮಸ್ಯೆಯ ಸ್ವಭಾವ ಬದಲಾಗುತ್ತದೆ. 1976ರಲ್ಲಿ ಈವೆನ್, ಇಟಾಯ್ ಮತ್ತು ಶಮೀರ್ ಎಂಬ ಮೂವರು ಇಸ್ರೇಲಿನ ವಿಜ್ಞಾನಿಗಳು ಇದು ‘ಎನ್‌ಪಿ ಕಂಪ್ಲೀಟ್’ ಎಂಬ ಕಠಿಣ ಸಮಸ್ಯೆಗಳ ಗುಂಪಿಗೆ ಸೇರುತ್ತದೆಂದು ತೋರಿಸಿದರು. ಈ ಗುಂಪಿನ ಸಮಸ್ಯೆಗಳಿಗೆ ಎಲ್ಲ ಸಂದರ್ಭದಲ್ಲೂ ಬೇಗ ಉತ್ತರ ಕೊಡುವ ವಿಧಾನವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಅಂಥದ್ದೊಂದು ಇರಲಾರದು ಎಂದೇ ಹೆಚ್ಚಿನ ತಜ್ಞರ ನಂಬಿಕೆ. ಈ ಮೂವರಲ್ಲಿ ಕೊನೆಯವರು ಆದಿ ಶಮೀರ್. ಗೂಢಲಿಪಿ ಶಾಸ್ತ್ರದಲ್ಲಿ ಪ್ರಸಿದ್ಧವಾದ ಆರ್‌ಎಸ್‌ಎ ವಿಧಾನದ ಹೆಸರಿನಲ್ಲಿ ನಡುವಿನ ಎಸ್ ಅಕ್ಷರ ಅವರದೇ. ಶಾಲೆಯ ಗೋಡೆಯ ಮೇಲಿನ ಒಂದು ಹಾಳೆಗಾಗಿ ಎಂಥವರು ತಲೆ ಕೆಡಿಸಿಕೊಂಡಿದ್ದಾರೆ ನೋಡಿ.

ಲಾರಿಗೆ ಸಾಮಾನು ತುಂಬುವ ಬುದ್ಧಿ

ಹಾಗಾದರೆ ತಂತ್ರಾಂಶಗಳು ಕೆಲಸ ಮಾಡುವುದು ಹೇಗೆ? ಎಫ್‌ಇಟಿ ಎಂಬ ಒಂದು ತಂತ್ರಾಂಶವನ್ನೇ ಉದಾಹರಣೆಯಾಗಿ ನೋಡೋಣ. ಇದು ರೊಮೇನಿಯಾದಲ್ಲಿ ಲಿವಿಯು ಲಲೆಸ್ಕು ಎಂಬುವರು 2002ರಲ್ಲಿ ಆರಂಭಿಸಿದ್ದು. ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಒಳಗಿನ ಬರವಣಿಗೆಯನ್ನು ಓದಬಹುದು, ತಿದ್ದಬಹುದು. ಮೊದಮೊದಲು ಜೀವವಿಕಾಸವನ್ನು ಅನುಕರಿಸುವ ವಿಧಾನವೊಂದು ಇದರಲ್ಲಿತ್ತು. 2007ರಲ್ಲಿ ಅದನ್ನು ಬಿಟ್ಟು ಹೆಚ್ಚು ಸರಳವೂ ವೇಗವಾದದ್ದೂ ಆದ ಉಪಾಯವನ್ನು ಅಳವಡಿಸಿದರು.

ಮನೆ ಬದಲಾಯಿಸುವಾಗ ಲಾರಿಗೆ ಸಾಮಾನು ತುಂಬುವುದನ್ನು ನೋಡಿದ್ದೀರಲ್ಲ? ಮೊದಲು ಬೀರು, ಮಂಚ, ಆಮೇಲೆ ಟ್ರಂಕು, ಕೊನೆಗೆ ಸಂದಿಗೊಂದಿಯಲ್ಲಿ ಪಾತ್ರೆ ಪಡಗ. ಈ ತಂತ್ರಾಂಶವೂ ಹಾಗೆಯೇ ಅತಿ ಕಷ್ಟದ ಪಾಠಗಳನ್ನು ಮೊದಲು ಕೂರಿಸುತ್ತದೆ. ಎರಡು ಪೀರಿಯಡ್ ಒಟ್ಟಿಗೆ ಬೇಕಾದ ಲ್ಯಾಬ್, ವಾರಕ್ಕೆ ಮೂರು ದಿನ ಮಾತ್ರ ಬರುವ ಶಿಕ್ಷಕರ ಪಾಠ, ಇಂಥವು. ಸುಲಭದವು ಆಮೇಲೆ. ನಡುವೆ ಒಂದು ಪಾಠಕ್ಕೆ ಜಾಗವೇ ಸಿಗದಿದ್ದರೆ ಈಗಾಗಲೇ ಕೂತಿರುವ ಒಂದೆರಡನ್ನು ಎಬ್ಬಿಸಿ ಇದನ್ನು ಕೂರಿಸುತ್ತದೆ. ಎಬ್ಬಿಸಿದವಕ್ಕೆ ಬೇರೆ ಜಾಗ ಹುಡುಕುತ್ತದೆ. ಅವೂ ಇನ್ನಾರನ್ನೋ ಎಬ್ಬಿಸಬೇಕಾಗಬಹುದು. ಇದಕ್ಕೊಂದು ಮಿತಿಯಿದೆ. ಮಿತಿ ಮೀರಿದರೆ ಆ ದಾರಿ ಬಿಟ್ಟು ಇನ್ನೊಂದು ದಾರಿ. ಪೆನ್ಸಿಲು ರಬ್ಬರಿನ ಮೇಷ್ಟ್ರು ಮಾಡುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಯಂತ್ರಕ್ಕೆ ಬೇಸರವಿಲ್ಲ, ರಬ್ಬರು ಸವೆಯುವುದಿಲ್ಲ, ಅಷ್ಟೇ ಅನುಕೂಲ.

ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳೂ ಇವೆ. ಆಸ್ಟ್ರಿಯಾದ ಅನ್ಟಿಸ್, ಸ್ಲೊವಾಕಿಯಾದ ಎಎಸ್‌ಸಿ ಟೈಮ್‌ಟೇಬಲ್ಸ್ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಒಳಗಿನ ಉಪಾಯ ಬೇರೆ ಬೇರೆಯಾದರೂ ಮುಂದೆ ಹೇಳುವ ಮಾತುಗಳು ಎಲ್ಲಕ್ಕೂ ಅನ್ವಯಿಸುತ್ತವೆ.

ಎರಡು ಬಗೆಯ ‘ಅಸಾಧ್ಯ’

ಸಹಾಯ ಕೇಳುವ ಮೊದಲು ಯಂತ್ರ ಯಾವ ಬಗೆಯ ‘ಅಸಾಧ್ಯ’ ಹೇಳಿದೆ ಎಂದು ನೋಡಿಕೊಳ್ಳಬೇಕು. ಕೆಲವು ಸಲ ಅದು ಗುಂಡಿ ಒತ್ತಿದ ಕೂಡಲೇ ಹೇಳುತ್ತದೆ. ಅದು ಬರೀ ಎಣಿಕೆಯ ತಪ್ಪು. ನಮ್ಮ ಕಲ್ಪನೆಯ ಶಾಲೆಯಲ್ಲಿ ಒಬ್ಬರೇ ಗಣಿತದ ಮೇಷ್ಟ್ರು ಆರು ವಿಭಾಗಕ್ಕೂ ವಾರಕ್ಕೆ 7 ಪಾಠ ಮಾಡಬೇಕೆಂದರೆ 42 ಪೀರಿಯಡ್ ಬೇಕು. ವಾರದಲ್ಲಿರುವುದೇ 40. ಇದಕ್ಕೆ ತಂತ್ರಾಂಶದವರು ಬರಬೇಕಾಗಿಲ್ಲ, ಇನ್ನೊಬ್ಬ ಶಿಕ್ಷಕರು ಬರಬೇಕು.

ಇನ್ನು ಕೆಲವು ಸಲ ಯಂತ್ರ ಬಹಳ ಹೊತ್ತು ಹುಡುಕಿ ಕೈಚೆಲ್ಲುತ್ತದೆ. ಆಗ ಅದು ‘ಅಸಾಧ್ಯವೆಂದು ಸಾಧಿಸಿದೆ’ ಎಂದಲ್ಲ. ‘ಇಷ್ಟು ಹೊತ್ತಿನಲ್ಲಿ ಸಿಗಲಿಲ್ಲ’ ಎಂದು ಮಾತ್ರ ಅರ್ಥ. ಮತ್ತೆ ಓಡಿಸಿದರೆ ಸಿಕ್ಕರೂ ಸಿಕ್ಕೀತು. ಆದರೆ ರಾತ್ರಿಯಿಡೀ ಓಡಿಸಿದರೂ ಒಂದೇ ಕಡೆ ನಿಲ್ಲುತ್ತಿದ್ದರೆ ಒಳಗೆ ಎಲ್ಲೋ ಜಗಳವಿದೆಯೆಂದು ತಿಳಿಯಬೇಕು.

ಇಂಥ ಜಗಳಗಳು ಮೇಲ್ನೋಟಕ್ಕೆ ಕಾಣುವುದಿಲ್ಲ. ಇಂಗ್ಲಿಷಿಗೆ ಒಬ್ಬರು ಅತಿಥಿ ಶಿಕ್ಷಕರು ಸೋಮವಾರ, ಬುಧವಾರ, ಶುಕ್ರವಾರ ಬರುತ್ತಾರೆ. ಆ ಮೂರು ದಿನಗಳಲ್ಲಿ 21 ಪೀರಿಯಡ್‌ಗಳಿವೆ. ನಾಲ್ಕು ವಿಭಾಗಕ್ಕೆ ನಾಲ್ಕು ನಾಲ್ಕರಂತೆ ಅವರು ಮಾಡಬೇಕಾದದ್ದು 16. ಧಾರಾಳವಾಗಿ ಸಾಕು ಎನ್ನಿಸುತ್ತದೆ. ಆದರೆ ಬೇರೆಲ್ಲೋ ‘ಒಂದು ವಿಭಾಗಕ್ಕೆ ಒಂದೇ ವಿಷಯ ದಿನಕ್ಕೆ ಒಂದು ಸಲ ಮಾತ್ರ’ ಎಂಬ ಸಾಮಾನ್ಯ ನಿಬಂಧನೆಯನ್ನು ಹಾಕಲಾಗಿದೆ. ಮೂರು ದಿನಕ್ಕೆ ದಿನಕ್ಕೊಂದರಂತೆ ಮೂರೇ ಪಾಠ! ನಾಲ್ಕನೆಯದು ಎಲ್ಲಿ ಕೂರಬೇಕು? ಎರಡು ನಿಬಂಧನೆಗಳೂ ಬೇರೆ ಬೇರೆಯಾಗಿ ನ್ಯಾಯವಾದವೇ. ಒಟ್ಟಿಗೆ ಇರಲಾರವು.

ಇನ್ನೊಂದು ನಮ್ಮ ಶಾಲೆಗಳಲ್ಲಿ ತೀರ ಸಾಮಾನ್ಯ. ಹಾಜರಿ ತೆಗೆದುಕೊಳ್ಳಲು ಅನುಕೂಲವೆಂದು ಕ್ಲಾಸ್ ಟೀಚರೇ ಪ್ರತಿದಿನ ಮೊದಲ ಪೀರಿಯಡ್ ತೆಗೆದುಕೊಳ್ಳಬೇಕೆಂಬ ಪದ್ಧತಿ. 9ಎ ವಿಭಾಗದ ಕ್ಲಾಸ್ ಟೀಚರ್ ಹಿಂದಿ ಮೇಡಂ. ಅವರಿಗೆ ಆ ವಿಭಾಗದಲ್ಲಿರುವುದು ವಾರಕ್ಕೆ ಮೂರು ಪಾಠ. ವಾರದಲ್ಲಿ ಬೆಳಗುಗಳು ಆರು. ಕೈಯಲ್ಲಿ ಬರೆಯುವಾಗ ಮೇಷ್ಟ್ರು ಇದನ್ನು ಕಂಡೂ ಕಾಣದಂತೆ ದಾಟಿಸುತ್ತಿದ್ದರು. ಉಳಿದ ಮೂರು ದಿನ ಯಾರೋ ಹಾಜರಿ ಕೂಗುತ್ತಿದ್ದರು. ಯಂತ್ರಕ್ಕೆ ಆ ದಾಕ್ಷಿಣ್ಯ ತಿಳಿಯದು. ಬರೆದದ್ದನ್ನು ಬರೆದಂತೆಯೇ ಓದುತ್ತದೆ.

ಕೊನೆಗೆ ಹತ್ತಿದ ಪ್ರಯಾಣಿಕ

ಈಗ ಪೆನ್ಸಿಲ್ ಕೆಲಸ. ಒಂದು ಪುಟ್ಟ ಶಾಲೆ: 8, 9, 10ನೇ ತರಗತಿ, ದಿನಕ್ಕೆ ಮೂರೇ ಪೀರಿಯಡ್, ಕನ್ನಡ, ಗಣಿತ, ವಿಜ್ಞಾನಕ್ಕೆ ಒಬ್ಬೊಬ್ಬ ಶಿಕ್ಷಕರು. ಪ್ರತಿ ತರಗತಿಗೂ ಮೂರೂ ವಿಷಯಗಳು ದಿನಕ್ಕೊಂದು ಸಲ ಬರಬೇಕು. ಮೂರು ಅಡ್ಡಸಾಲು, ಮೂರು ಕಂಬಸಾಲಿನ ಒಂಬತ್ತು ಮನೆಗಳನ್ನು ಬರೆದುಕೊಳ್ಳಿ. ಅಡ್ಡಸಾಲು ತರಗತಿ, ಕಂಬಸಾಲು ಪೀರಿಯಡ್. ಷರತ್ತುಗಳಿಲ್ಲದಿದ್ದರೆ ಇದನ್ನು 12 ಬಗೆಯಲ್ಲಿ ತುಂಬಬಹುದು. ಈಗ ನಾಲ್ಕು ನಿಬಂಧನೆಗಳು:

ಒಂದು, ಹತ್ತನೇ ತರಗತಿಗೆ ಗಣಿತ ಮೊದಲ ಪೀರಿಯಡ್ಡಿನಲ್ಲೇ ಆಗಬೇಕು. ಪರೀಕ್ಷೆಯ ವರ್ಷ, ಬೆಳಗ್ಗೆ ತಲೆ ಚುರುಕಾಗಿರುತ್ತದೆ. ಎರಡು, ಒಂಬತ್ತನೇ ತರಗತಿಗೆ ಗಣಿತ ಎರಡನೆಯ ಪೀರಿಯಡ್. ಕಳೆದ ವರ್ಷವೂ ಹಾಗೇ ಇತ್ತು. ಮೂರು, ಎಂಟನೇ ತರಗತಿಗೆ ಮೊದಲ ಪೀರಿಯಡ್ ಕನ್ನಡ. ಕನ್ನಡ ಮೇಡಂ ಆ ತರಗತಿಯ ಕ್ಲಾಸ್ ಟೀಚರ್. ನಾಲ್ಕು, ಹತ್ತನೇ ತರಗತಿಗೆ ವಿಜ್ಞಾನ ಎರಡನೆಯ ಪೀರಿಯಡ್. ಲ್ಯಾಬ್ ಬಿಡುವಾಗಿರುವುದು ಆಗ ಮಾತ್ರ.

ತುಂಬಿ ನೋಡಿ. ಮೊದಲ ಮೂರು ನಿಬಂಧನೆಗಳನ್ನು ಪಾಲಿಸಿದರೆ ಒಂದೇ ಒಂದು ಪಟ್ಟಿ ಉಳಿಯುತ್ತದೆ: ಎಂಟಕ್ಕೆ ಕನ್ನಡ, ವಿಜ್ಞಾನ, ಗಣಿತ; ಒಂಬತ್ತಕ್ಕೆ ವಿಜ್ಞಾನ, ಗಣಿತ, ಕನ್ನಡ; ಹತ್ತಕ್ಕೆ ಗಣಿತ, ಕನ್ನಡ, ವಿಜ್ಞಾನ. ನಾಲ್ಕನೆಯ ನಿಬಂಧನೆಗೆ ಜಾಗವಿಲ್ಲ. ಯಂತ್ರ ಇದೇ ಕ್ರಮದಲ್ಲಿ ಹೋದರೆ ‘ಹತ್ತನೇ ತರಗತಿಯ ವಿಜ್ಞಾನದ ಪಾಠದ ಬಳಿ ನಿಂತಿದ್ದೇನೆ’ ಎನ್ನುತ್ತದೆ. ಓದಿದವರು ಏನು ಮಾಡುತ್ತಾರೆ? ‘ವಿಜ್ಞಾನದವರದೇ ತಕರಾರು’ ಎಂದು ಅವರ ಲ್ಯಾಬನ್ನು ತೆಗೆದುಹಾಕುತ್ತಾರೆ. ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವನು ನಿಂತಿರುತ್ತಾನೆ. ಅಷ್ಟರಿಂದಲೇ ಬಸ್ಸು ತುಂಬಿದ್ದು ಅವನಿಂದ ಎನ್ನಲಾದೀತೆ?

ಒಂದೊಂದೇ ನಿಬಂಧನೆಯನ್ನು ತೆಗೆದು ನೋಡೋಣ. ಎರಡನೆಯದನ್ನು ಬಿಟ್ಟರೆ ಪಟ್ಟಿ ಬರುತ್ತದೆ. ಮೂರನೆಯದನ್ನು ಬಿಟ್ಟರೂ ಬರುತ್ತದೆ. ನಾಲ್ಕನೆಯದನ್ನು ಬಿಟ್ಟರೂ ಸರಿ. ಆದರೆ ಮೊದಲನೆಯದನ್ನು, ಹತ್ತನೇ ತರಗತಿಯ ಬೆಳಗಿನ ಗಣಿತವನ್ನು, ಬಿಟ್ಟುಕೊಟ್ಟರೆ ಏನೂ ಪ್ರಯೋಜನವಿಲ್ಲ! ಎರಡನೆಯ ಪೀರಿಯಡ್ಡಿನಲ್ಲಿ ಒಂಬತ್ತಕ್ಕೆ ಗಣಿತ, ಹತ್ತಕ್ಕೆ ವಿಜ್ಞಾನ ಹೋದಮೇಲೆ ಎಂಟಕ್ಕೆ ಉಳಿಯುವುದು ಕನ್ನಡ. ಅದು ಆಗಲೇ ಮೊದಲ ಪೀರಿಯಡ್ಡಿನಲ್ಲಿ ಆಗಿಹೋಗಿದೆ. ಅಂದರೆ ಜಗಳ ಇರುವುದು ಎರಡು, ಮೂರು, ನಾಲ್ಕರ ನಡುವೆ. ಮೊದಲನೆಯದು ನಿರಪರಾಧಿ.

ಮೂವರಲ್ಲಿ ಒಬ್ಬರು ಬಿಟ್ಟುಕೊಡಬೇಕು ಎಂಬಲ್ಲಿಯವರೆಗೆ ಯಂತ್ರ, ತಂತ್ರಾಂಶ ಬಲ್ಲವರು, ಗಣಿತ ಎಲ್ಲವೂ ನೆರವಾಗುತ್ತವೆ. ಯಾರು ಬಿಟ್ಟುಕೊಡಬೇಕು ಎಂಬುದನ್ನು ಅವುಗಳಲ್ಲಿ ಯಾವುದೂ ಹೇಳಲಾರದು. ಲ್ಯಾಬ್ ಒಂದೇ ಇದೆ, ಅದನ್ನು ಹಿಗ್ಗಿಸಲಾಗದು. ಹಾಜರಿಗೆ ಬೇರೆ ವ್ಯವಸ್ಥೆ ಮಾಡಬಹುದು. ‘ಕಳೆದ ವರ್ಷವೂ ಹಾಗೇ ಇತ್ತು’ ಎಂಬುದು ಕಾರಣವೇ ಅಲ್ಲ. ಈ ತೂಕದ ಮಾತು ಸ್ಟಾಫ್ ರೂಮಿನಲ್ಲಿ, ಮುಖ್ಯೋಪಾಧ್ಯಾಯರ ಎದುರಿನಲ್ಲಿ ಆಗಬೇಕು. ವೇಳಾಪಟ್ಟಿಯ ಸಹಾಯವೆಲ್ಲ ದೂರದ ಯಾವುದೋ ಕಂಪನಿಯಿಂದ ಫೋನಿನಲ್ಲಿ ಬರುತ್ತದೆಂದು ಕಾಯುವವರು ಈ ಅರ್ಧವನ್ನು ಮರೆತಿರುತ್ತಾರೆ.

ಟೆಲಿವಿಷನ್ ನಿರ್ಮಾಪಕರಿಗೂ ಈ ಕಾಟ ತಪ್ಪಿದ್ದಲ್ಲ. ಒಂದು ಸ್ಟುಡಿಯೋ, ಎರಡು ಕಾರ್ಯಕ್ರಮ, ಮೂರು ಗಂಟೆಗೇ ರೈಲು ಹಿಡಿಯಬೇಕಾದ ಅತಿಥಿ. ಇಂಡೆಂಟ್ ಫಾರಂನಲ್ಲಿ ‘ಕಡ್ಡಾಯ’ ಎಂದು ಬರೆದಿದ್ದು ಫೋನ್ ಮಾಡಿ ಕೇಳಿದಾಗ ‘ಹಾಗಾದರೆ ಒಳ್ಳೆಯದಿತ್ತು’ ಎಂದು ಕರಗುವುದನ್ನು ನಾವು ದಿನವೂ ನೋಡುತ್ತೇವೆ. ವೇಳಾಪಟ್ಟಿ ತಂತ್ರಾಂಶಗಳಲ್ಲಿ ಇದಕ್ಕೆ ಒಂದು ಏರ್ಪಾಡಿದೆ. ಎಫ್‌ಇಟಿಯಲ್ಲಿ ನಿಬಂಧನೆಗೆ ಶೇಕಡಾವಾರು ತೂಕವೊಂದನ್ನು ಕೊಡಬೇಕು. 100 ಎಂದರೆ ಮುರಿಯಲೇಕೂಡದು. ಎಲ್ಲರೂ ತಮ್ಮ ತಮ್ಮದಕ್ಕೆ 100 ಬರೆಸಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ಸೀರಿಯಲ್ ಸೆಟ್ಟಿನ ಪಾಠ

ನಿಜವಾದ ಶಾಲೆಯಲ್ಲಿ ನಿಬಂಧನೆಗಳು ನಾಲ್ಕಲ್ಲ, ಐವತ್ತು ಅರವತ್ತು ಇರಬಹುದು. ಜಗಳ ಎಲ್ಲಿದೆಯೆಂದು ಹುಡುಕುವುದು ಹೇಗೆ? ಗಣೇಶನ ಹಬ್ಬದ ಸೀರಿಯಲ್ ಸೆಟ್ ಹತ್ತದಿದ್ದಾಗ ಎಲೆಕ್ಟ್ರಿಷಿಯನ್ ಸರವನ್ನು ಅರ್ಧಕ್ಕೆ ವಿಂಗಡಿಸಿ ಯಾವ ಅರ್ಧದಲ್ಲಿ ದೋಷವಿದೆಯೆಂದು ನೋಡುತ್ತಾನಲ್ಲ, ಆ ಉಪಾಯ ಇಲ್ಲಿಯೂ ಹೊಳೆಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಬಲ್ಬು ತಾನೊಂದೇ ಕೆಡುತ್ತದೆ. ನಿಬಂಧನೆ ಒಂಟಿಯಾಗಿ ಕೆಡುವುದು ಅಪರೂಪ, ಅದಕ್ಕೆ ಜಗಳಗಂಟ ಜೊತೆಗಾರರು ಬೇಕು. ಒಬ್ಬರು ಈ ಅರ್ಧದಲ್ಲೂ ಇನ್ನೊಬ್ಬರು ಆ ಅರ್ಧದಲ್ಲೂ ಇದ್ದರೆ ಎರಡೂ ಅರ್ಧಗಳು ಚೆನ್ನಾಗಿಯೇ ಉರಿಯುತ್ತವೆ, ಸೇರಿಸಿದಾಗ ಆರುತ್ತವೆ.

ಆದ್ದರಿಂದ ಹೀಗೆ ಮಾಡುವುದು ಮೇಲು. ನಿಬಂಧನೆಗಳೇ ಇಲ್ಲದೆ, ಬರೀ ಪಾಠಗಳನ್ನಷ್ಟೇ ಇಟ್ಟುಕೊಂಡು ಮೊದಲು ಓಡಿಸಿ. ಆಮೇಲೆ ಒಂದೊಂದು ಹಿಡಿ ನಿಬಂಧನೆಗಳನ್ನು ಸೇರಿಸುತ್ತ ಬನ್ನಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಆ ಹಿಡಿಯನ್ನು ಬಿಡಿಬಿಡಿಯಾಗಿ ಸೇರಿಸಿ ನೋಡಿದರೆ ಜಗಳದಲ್ಲಿ ಪಾಲುದಾರನಾದ ಒಂದು ನಿಬಂಧನೆ ಸಿಗುತ್ತದೆ. ಅದನ್ನು ಹಾಗೇ ಇಟ್ಟುಕೊಂಡು, ಈಗಾಗಲೇ ಸೇರಿಸಿದ್ದವುಗಳಲ್ಲಿ ಒಂದೊಂದನ್ನೇ ತೆಗೆಯಿರಿ. ಒಂದನ್ನು ತೆಗೆದೊಡನೆ ಪಟ್ಟಿ ಬಂದರೆ ಅದೂ ಪಾಲುದಾರ, ಮತ್ತೆ ಒಳಗಿಡಿ. ತೆಗೆದರೂ ಪಟ್ಟಿ ಬಾರದಿದ್ದರೆ ಹೊರಗೇ ಇರಲಿ. ಕೊನೆಗೆ ಒಳಗೆ ಉಳಿಯುವವೇ ಜಗಳಗಂಟರ ಗುಂಪು. ಸಾಮಾನ್ಯವಾಗಿ ಎರಡೋ ಮೂರೋ ನಾಲ್ಕೋ ಇರುತ್ತವೆ. ಪ್ರತಿ ಹೆಜ್ಜೆಗೂ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಇದು ಒಂದು ಸಂಜೆಯ ಕೆಲಸ. ಬಿ.ಎಸ್ಸಿ., ಬಿ.ಸಿ.ಎ. ಓದುವವರು ತಾವು ಓದಿದ ಹೈಸ್ಕೂಲಿಗೆ ಬೇಸಿಗೆ ರಜೆಯಲ್ಲಿ ಹೋಗಿ ಈ ಕೆಲಸಕ್ಕೆ ಕೈಜೋಡಿಸಬಹುದು. ಮೇಷ್ಟ್ರುಗಳಿಗೆ ಪಾಠಗಳ ಒಳಸುಳಿ ಗೊತ್ತು, ನಿಮಗೆ ಕೀಲಿಮಣೆಯ ಮುಂದೆ ತಾಳ್ಮೆಯುಂಟು.

ಕೇಳುವ ಬಗೆ

ಇಷ್ಟಾದರೂ ಬಗೆಹರಿಯದಿದ್ದರೆ, ಅಥವಾ ತಂತ್ರಾಂಶದಲ್ಲೇ ದೋಷವಿದೆಯೆನ್ನಿಸಿದರೆ, ಹೊರಗಿನವರನ್ನು ಕೇಳಬೇಕು. ಕೊಂಡ ತಂತ್ರಾಂಶವಾದರೆ ಮಾರಿದವರ ಸಹಾಯ ವಿಭಾಗವಿರುತ್ತದೆ. ಅದು ಬೆಲೆಯಲ್ಲೇ ಸೇರಿದೆಯೋ, ಎಷ್ಟು ವರ್ಷದವರೆಗೆ, ನಮ್ಮ ಜೂನ್ ತಿಂಗಳ ಅವಸರಕ್ಕೆ ಒದಗುತ್ತದೆಯೋ ಎಂಬುದನ್ನು ಕೊಳ್ಳುವಾಗಲೇ ಬರಹದಲ್ಲಿ ಪಡೆದುಕೊಳ್ಳಬೇಕು. ಮುಕ್ತ ತಂತ್ರಾಂಶವಾದರೆ ಅದನ್ನು ಬರೆದವರೂ ಬಳಸುವ ಬೇರೆ ಶಿಕ್ಷಕರೂ ತಮ್ಮ ಬಿಡುವಿನಲ್ಲಿ ಉತ್ತರಿಸುತ್ತಾರೆ. ಅವರಿಗೆ ಸಂಬಳವಿಲ್ಲ, ಗಡುವೂ ಇಲ್ಲ. ಹಾಗೆಂದು ಅವರ ಉತ್ತರ ಕಡಿಮೆ ದರ್ಜೆಯದೆಂದು ತಿಳಿಯಬೇಡಿ. ಯಂತ್ರದ ಹೊಟ್ಟೆಯೊಳಗನ್ನು ಬಲ್ಲವರೇ ಬರೆಯುವುದರಿಂದ ಅನೇಕ ವೇಳೆ ಅದು ಹೆಚ್ಚು ನೇರವಾಗಿರುತ್ತದೆ. ಯಾರನ್ನು ಕೇಳಿದರೂ, ಕೇಳುವ ಮೊದಲು ತಂತ್ರಾಂಶದ ಜೊತೆಗೆ ಬರುವ ಕೈಪಿಡಿಯನ್ನೂ ಮಾದರಿ ಫೈಲುಗಳನ್ನೂ ಒಮ್ಮೆ ತೆರೆದು ನೋಡಿರಬೇಕು.

‘ನಮ್ಮ ಟೈಮ್‌ಟೇಬಲ್ ಬರುತ್ತಿಲ್ಲ, ಅರ್ಜೆಂಟ್, ದಯವಿಟ್ಟು ಸಹಾಯ ಮಾಡಿ’ ಎಂದು ಬರೆದರೆ ಓದಿದವರು ಏನು ಮಾಡಿಯಾರು? ಡಾಕ್ಟರ ಬಳಿ ಹೋಗಿ ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿ ಕೂತಂತೆ. ಅದರ ಬದಲು ಹೀಗೆ ಬರೆದರೆ ನೋಡಿ:

‘ತಂತ್ರಾಂಶದ ಇಂಥ ಆವೃತ್ತಿಯನ್ನು ಇಂಥ ಕಂಪ್ಯೂಟರಿನಲ್ಲಿ ಬಳಸುತ್ತಿದ್ದೇವೆ. 6 ವಿಭಾಗ, 11 ಶಿಕ್ಷಕರು, ವಾರಕ್ಕೆ 40 ಪೀರಿಯಡ್. ಅತಿಥಿ ಶಿಕ್ಷಕರ ನಿಬಂಧನೆಯನ್ನು ಸೇರಿಸುವವರೆಗೆ ಹತ್ತು ನಿಮಿಷದೊಳಗೆ ಪಟ್ಟಿ ಬರುತ್ತಿತ್ತು. ಸೇರಿಸಿದ ಮೇಲೆ ಎರಡು ಗಂಟೆ ಓಡಿಸಿದರೂ 8ಬಿ ವಿಭಾಗದ ಇಂಗ್ಲಿಷ್ ಪಾಠದ ಬಳಿ ನಿಲ್ಲುತ್ತದೆ. ಪರದೆಯ ಸಂದೇಶವನ್ನು ಇದ್ದಂತೆಯೇ ಕೆಳಗೆ ಬರೆದಿದ್ದೇವೆ. ಇಂಥಿಂಥ ನಿಬಂಧನೆಗಳನ್ನು ತೆಗೆದು ನೋಡಿದ್ದೇವೆ. ಫೈಲು ಜೊತೆಗಿದೆ.’

ಇದನ್ನು ಓದುತ್ತಿದ್ದಂತೆಯೇ ನಿಮಗೆ ಉತ್ತರ ಹೊಳೆದಿರಬೇಕು! ಚೆನ್ನಾಗಿ ಬರೆದ ಪ್ರಶ್ನೆಯ ಗುಣ ಅದು. ಅಂಚೆಗೆ ಹಾಕುವ ಮೊದಲೇ ಎಷ್ಟೋ ಸಲ ಬರೆದವರಿಗೇ ಉತ್ತರ ಸಿಕ್ಕಿಬಿಡುತ್ತದೆ. ‘ಸಂದೇಶವನ್ನು ಇದ್ದಂತೆಯೇ’ ಎಂಬ ಮಾತನ್ನು ಗಮನಿಸಿ. ‘ಏನೋ ಎರರ್ ಬಂತು’ ಎಂದರೆ ಸಾಲದು. ಫೈಲು ಕಳುಹಿಸದೆ ಪರದೆಯ ಫೋಟೋ ಒಂದನ್ನೇ ಕಳುಹಿಸಿದರೂ ಸಾಲದು. ನೋಡುವವರು ಅದನ್ನು ತಮ್ಮ ಯಂತ್ರದಲ್ಲಿ ಓಡಿಸಿ ನೋಡಲಾಗುವುದಿಲ್ಲ.

ಒಂದು ಎಚ್ಚರಿಕೆ. ಫೈಲಿನಲ್ಲಿ ಶಿಕ್ಷಕರ ಹೆಸರುಗಳಿರುತ್ತವೆ. ಯಾರು ಯಾವಾಗ ಬರಲಾರರು ಎಂಬುದೂ ಇರುತ್ತದೆ. ಮೇಡಂ ಒಬ್ಬರು ಮಧ್ಯಾಹ್ನ ಆಸ್ಪತ್ರೆಗೆ ಹೋಗಬೇಕಾದ್ದರಿಂದ ಕೊನೆಯ ಪೀರಿಯಡ್ ಬೇಡವೆಂದಿರಬಹುದು. ಅದು ಊರವರಿಗೆ ಗೊತ್ತಾಗಬೇಕಾದ ವಿಷಯವಲ್ಲ. ಹೊರಗೆ ಕಳುಹಿಸುವ ಪ್ರತಿಯಲ್ಲಿ ಹೆಸರುಗಳ ಜಾಗದಲ್ಲಿ ಶಿ1, ಶಿ2 ಎಂದು ಹಾಕಿ, ಟಿಪ್ಪಣಿಗಳನ್ನು ಅಳಿಸಿ. ಯಂತ್ರಕ್ಕೆ ಹೆಸರು ಯಾವುದಾದರೂ ಒಂದೇ. ಎಫ್‌ಇಟಿಯ ಫೈಲು ಸಾದಾ ಅಕ್ಷರಗಳಲ್ಲಿರುವುದರಿಂದ ಯಾವ ಬರವಣಿಗೆಯ ತಂತ್ರಾಂಶದಲ್ಲಾದರೂ ತೆರೆದು ಈ ಬದಲಾವಣೆ ಮಾಡಬಹುದು.

ಬೀರುವಿನಲ್ಲಿ ಒಂದು ನೋಟ್‌ಬುಕ್

ಶಾಲೆಗಳು ತಂತ್ರಾಂಶವನ್ನು ಕೈಬಿಡಲು ಇನ್ನೊಂದು ಕಾರಣ ವರ್ಗಾವಣೆ. ಅದನ್ನು ಬಲ್ಲ ಒಬ್ಬರೇ ಶಿಕ್ಷಕರು ಬೇರೆ ಊರಿಗೆ ಹೋಗುತ್ತಾರೆ. ಫೈಲು ಅವರ ಪೆನ್‌ಡ್ರೈವಿನಲ್ಲಿ, ಪಾಸ್‌ವರ್ಡ್ ಅವರ ತಲೆಯಲ್ಲಿ. ಮುಂದಿನ ವರ್ಷ ಹೊಸಬರು ಸೊನ್ನೆಯಿಂದ ತೊಡಗಬೇಕು. ಫೈಲಿನ ಒಂದು ಪ್ರತಿ ಶಾಲೆಯಲ್ಲೇ ಉಳಿಯಬೇಕೆಂಬುದು ಸರಿ, ಆದರೆ ಫೈಲು ಒಂದೇ ಸಾಲದು. ಅದರಲ್ಲಿ ನಿಬಂಧನೆಗಳಿರುತ್ತವೆ, ಅವುಗಳ ಕಾರಣಗಳಿರುವುದಿಲ್ಲ. ‘ಶುಕ್ರವಾರ ಕೊನೆಯ ಪೀರಿಯಡ್ ಈ ಶಿಕ್ಷಕರಿಗೆ ಬೇಡ’ ಎಂದಿರುತ್ತದೆ. ಏಕೆ? ಐದೂ ಕಾಲರ ನಂತರ ಅವರ ಊರಿಗೆ ಬಸ್ಸಿಲ್ಲವೆಂದೋ, ಅಥವಾ ಎಂದೋ ಒಮ್ಮೆ ಕೇಳಿದ್ದರೆಂದೋ? ಆ ಶಿಕ್ಷಕರು ನಿವೃತ್ತರಾಗಿ ಹೊಸಬರು ಬಂದಮೇಲೂ ಹಳೆಯ ನಿಬಂಧನೆ ಹೊಸ ಹೆಸರಿಗೆ ಅಂಟಿಕೊಂಡು ಮುಂದುವರಿಯಬಹುದು.

ಇದಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ನಿಬಂಧನೆಗೆ ಒಂದು ಸಾಲು: ಏನು, ಯಾರು ಕೇಳಿದ್ದು, ಏಕೆ, ಕಡ್ಡಾಯವೋ ಅಲ್ಲವೋ, ಯಾವ ವರ್ಷ. ಅದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿರಲಿ. ಆಸ್ಪತ್ರೆಯಂಥ ಖಾಸಗಿ ಕಾರಣವಾದರೆ ‘ಮುಖ್ಯೋಪಾಧ್ಯಾಯರಿಗೆ ತಿಳಿಸಲಾಗಿದೆ’ ಎಂದಷ್ಟೇ ಬರೆದರಾಯಿತು. ಹೊರಗಿನಿಂದ ಸಹಾಯಕ್ಕೆ ಬಂದವರು ಮೊದಲು ಕೇಳಬೇಕಾದ ಪ್ರಶ್ನೆ ‘ಈ ನಿಬಂಧನೆಯನ್ನು ಸಡಿಲಿಸಬಹುದೆ?’ ಎಂಬುದು. ಉತ್ತರ ನೋಟ್‌ಬುಕ್ಕಿನಲ್ಲಿದ್ದರೆ ಎರಡು ದಿನದ ಓಡಾಟ ಉಳಿಯುತ್ತದೆ.

ಕೊನೆಗೆ, ಮೂರು ತರಗತಿಯ ಆ ಪುಟ್ಟ ಶಾಲೆಗೆ ಮತ್ತೆ ಹೋಗೋಣ. ಅಲ್ಲಿ ಯಾರೂ ಬಿಟ್ಟುಕೊಡಲು ಒಪ್ಪಲಿಲ್ಲ ಎಂದಿಟ್ಟುಕೊಳ್ಳಿ. ಮುಖ್ಯೋಪಾಧ್ಯಾಯರು ದಿನಕ್ಕೆ ನಾಲ್ಕನೆಯ ಪೀರಿಯಡ್ ಒಂದನ್ನು ಸೇರಿಸಿ, ಪ್ರತಿ ತರಗತಿಗೂ ದಿನಕ್ಕೊಂದು ಆಟದ ಪೀರಿಯಡ್ ಇರಲಿ ಎನ್ನುತ್ತಾರೆ. ಅದು ದಿನದ ಯಾವ ಹೊತ್ತಿಗೆ ಬಂದರೂ ಸರಿ. ಈಗ ನಾಲ್ಕೂ ನಿಬಂಧನೆಗಳನ್ನು ಒಟ್ಟಿಗೆ ಪಾಲಿಸುವ ಪಟ್ಟಿ ಸಾಧ್ಯ. ಒಂಬತ್ತು ಮನೆಗಳ ಜಾಗದಲ್ಲಿ ಹನ್ನೆರಡು ಬರೆದುಕೊಂಡು ಹಾಕಿ ನೋಡಿ. ಎಂಟನೇ ತರಗತಿಯ ಆಟ ಎರಡನೆಯ ಪೀರಿಯಡ್ಡಿಗೇ ಬರುತ್ತದೆ, ಬೇರೆಲ್ಲೂ ಬರಲಾರದು. ಏಕೆ?